ಒಂದು ಕಾಲು ನೆಲದ ಮೇಲೆ

ಜನವರಿ 6

ತಮ್ಮಾ,

ಕೂತ್ಕೊಂಡಿದ್ದೀಯಾ? ನಿಂತಿದ್ದರೆ ಮೊದಲು ಕೂತ್ಕೋ. ಕೈಯಲ್ಲಿ ಉಳಿ ಇದ್ದರೆ ಕೆಳಗಿಡು. ನಿನ್ನ ಅಕ್ಕ ರೇಸಿಗೆ ಹೆಸರು ಕೊಟ್ಟಿದ್ದಾಳೆ!

ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ನಗ್ತೀಯ, ಆ ನಗು ನನ್ನ ಕಿವಿಗೆ ಬೀಳುತ್ತೆ, ನಾನು ಫೋನ್ ಕುಕ್ಕಿಬಿಡ್ತೀನಿ. ಕಾಗದವಾದರೆ ನಿನ್ನ ಪಾಡಿಗೆ ನೀನು ನಕ್ಕು ಮುಗಿಸಿ ಆಮೇಲೆ ಉತ್ತರ ಬರೀಬಹುದು.

ಆಗಿದ್ದು ಹೀಗೆ. ಹೋದ ವಾರ ಹತ್ತನೇ ಹಾಸಿಗೆಯವನ ರಕ್ತದ ರಿಪೋರ್ಟ್ ತರೋಕೆ ಅಂತ ಕಾರಿಡಾರಿನಲ್ಲಿ ಹೋಗ್ತಿದ್ದೆ. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ಫಿಸಿಯೋ ಹುಡುಗಿ ಹಿಂದಿನಿಂದ "ಸಿಸ್ಟರ್, ಒಂದು ನಿಮಿಷ" ಅಂತ ಓಡಿ ಬರ್ತಿದ್ದಳು. ಅವಳು ಓಡ್ತಿದ್ದಾಳೆ, ನಾನು ನಡೀತಿದ್ದೀನಿ, ಲಿಫ್ಟಿನವರೆಗೂ ಅವಳ ಕೈಗೆ ನಾನು ಸಿಗಲಿಲ್ಲ! ಏದುಸಿರು ಬಿಡ್ತಾ ಕೇಳಿದಳು, "ನೀವು ಯಾವಾಗಲೂ ಹೀಗೇ ನಡೀತೀರಾ?" ಮೂವತ್ತೈದು ವರ್ಷದಿಂದ ಹೀಗೇ ಕಣಮ್ಮ ಅಂದೆ. ನರ್ಸ್ ಓಡಿದರೆ ವಾರ್ಡಿಗೆ ವಾರ್ಡೇ ಹೆದರುತ್ತೆ. ಬೆಂಕಿ ಬಿದ್ದಾಗ ಓಡಬಹುದು, ರಕ್ತ ಹರಿದಾಗ ಓಡಬಹುದು, ಮೂರನೇ ಕಾರಣ ಇಲ್ಲ. ಉಳಿದಿದ್ದಕ್ಕೆಲ್ಲ ನಡಿಗೆಯೇ. ರೋಗಿಗಳು ನನಗೆ 'ರೈಲು ಸಿಸ್ಟರ್' ಅಂತ ಸುಮ್ಮನೆ ಕರೀತಾರಾ?

ಮಾರನೇ ದಿನ ಅವಳು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಹಿರಿಯರ ಕ್ರೀಡಾಕೂಟ, ಜೂನ್ 14. ವೇಗದ ನಡಿಗೆ, ಐದು ಸಾವಿರ ಮೀಟರ್, ಐವತ್ತೈದು ದಾಟಿದ ಹೆಂಗಸರು.

ಆ ಹಾಳೆಯನ್ನ ಮೂರು ಸಲ ಓದಿದೆ ಕಣೋ. ನಿನಗೂ ನೆನಪಿರಬೇಕು. ನರ್ಸಿಂಗ್ ಶಾಲೆಯ ವಾರ್ಷಿಕ ಕ್ರೀಡೆ, ನನಗೆ ಹತ್ತೊಂಬತ್ತು. ಎಲ್ಲರಿಗಿಂತ ಮುಂದಿದ್ದೆ. ಕೊನೇ ತಿರುವಿನಲ್ಲಿ ನಡಿಗೆ ಹೋಗಿ ಓಟವಾಯಿತು, ಕೆಂಪು ಬಾವುಟ ಮೇಲೆದ್ದಿತು. ಹಲಗೆಯಲ್ಲಿ ಎಲ್ಲರ ಹೆಸರಿನ ಮುಂದೆ ಸಮಯ ಬರೆದರು, ನನ್ನದರ ಮುಂದೆ 'ಅನರ್ಹ' ಅಂತ ಬರೆದರು. ಮೂವತ್ತೆಂಟು ವರ್ಷವಾಯಿತು, ಆ ಸೀಮೆಸುಣ್ಣದ ಅಕ್ಷರ ಇನ್ನೂ ಕಣ್ಣಲ್ಲಿದೆ.

ನನಗೆ ಪದಕ ಬೇಡ. ಒಂದೇ ಒಂದು ಸಲ ಗೆರೆಯನ್ನ ನಡೆದೇ ದಾಟಬೇಕು. ನನ್ನ ಹೆಸರಿನ ಮುಂದೆ ಒಂದು ಸಮಯ ಬರೆದಿರಬೇಕು. ಅಷ್ಟೇ ಆಸೆ.

ನಿಮ್ಮ ಭಾವ ಕೇಳಿ, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಮೂರು ವರ್ಷ ಮುಂಚೇನೇ ಬಂತಲ್ಲೇ" ಅಂದರು. ಮಾರನೇ ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಎದ್ದು ಗೋಡೆ ಗಡಿಯಾರ ಕೆಳಗಿಳಿಸಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದಾರೆ!

ನಿನ್ನ ಅಕ್ಕ

*

ಜನವರಿ 17

ಅಕ್ಕಾ,

ನಕ್ಕು ಮುಗೀತು. ಎರಡು ದಿನ ಹಿಡೀತು.

ನಿನಗೆ ತಲೆ ನೆಟ್ಟಗಿದೆಯಾ? ನನ್ನ ಅಂಗಡಿಗೆ ಬರೋರು ಯಾರು ಗೊತ್ತಲ್ಲ? ಒಂದು ಕಾಲು ಗಿಡ್ಡ ಇರೋರು, ಪಾದ ಸೊಟ್ಟ ಇರೋರು, ಮಂಡಿ ಹೋದೋರು. ಅವರಿಗೆ ಬೂಟು ಹೊಲಿದು ಹೊಲಿದು ನನಗೆ ಸಾಕಾಗಿದೆ. ನೀನೂ ಬಂದು ಆ ಸಾಲಿನಲ್ಲಿ ಕೂರಬೇಡ.

ಬೇಡ ಅಂದರೆ ಕೇಳೋಳು ನೀನಲ್ಲ ಅಂತಲೂ ಗೊತ್ತು. ಅದಕ್ಕೇ ಈ ಪಾರ್ಸೆಲ್. ಮೆತ್ತನೆ ಬಿಳಿ ಚರ್ಮ, ತೆಳು ರಬ್ಬರ್ ಅಟ್ಟೆ, ಒಂದೊಂದು ಬೂಟೂ ಒಂದು ಹಿಡಿ ಹತ್ತಿಯಷ್ಟು ಹಗುರ. ಅಳತೆ ಎಲ್ಲಿಂದ ಬಂತು ಅಂತೀಯಾ? ಗುರುಗಳ ಹತ್ತಿರ ಕೆಲಸ ಕಲಿಯುವಾಗ ನಾನು ಮೊದಲು ಕೆತ್ತಿದ ಮರದ ಅಚ್ಚು ನಿನ್ನ ಕಾಲಿನದು. ಇನ್ನೂ ಕಪಾಟಿನಲ್ಲಿದೆ. ಅದರ ಮೇಲೇ ಹೊಲಿದಿದ್ದೀನಿ. ನನ್ನ ಕೈಯ ಅಳತೆ ತಪ್ಪಿದ್ದು ಯಾವತ್ತೂ ಇಲ್ಲ.

ಆ ಹಳೇ ರೇಸಿನ ಕಥೆ ಮಾತ್ರ ಕೆದಕಬೇಡ. ಆಗಿದ್ದು ಆಗಿಹೋಯಿತು.

ತಮ್ಮ

*

ಫೆಬ್ರವರಿ 20

ತಮ್ಮಾ,

ಬೂಟು ಬಂತು! ಹಾಕಿಕೊಂಡೆ! ಹೇಳಿ ಮಾಡಿಸಿದ ಹಾಗಿದೆ. ಹೇಳದೇ ಮಾಡಿಸಿದ್ದು ಅನ್ನೋದು ಬೇರೆ ಮಾತು. ವಾರ್ಡಿನವರೆಲ್ಲ ಮುಟ್ಟಿ ಮುಟ್ಟಿ ನೋಡಿದರು.

ಮೊದಲ ಸಲ ಐದು ಕಿಲೋಮೀಟರಿಗೆ ಮೂವತ್ತೊಂಬತ್ತು ನಿಮಿಷ ಹಿಡಿದಿತ್ತು. ಈಗ ಮೂವತ್ತಾರು. ಫಿಸಿಯೋ ಹುಡುಗಿ ಪಕ್ಕದಲ್ಲಿ ಸೈಕಲ್ ಮೇಲೆ ಬರ್ತಾ "ಮಂಡಿ, ಸಿಸ್ಟರ್, ಮಂಡಿ" ಅಂತ ಬಡಕೊಳ್ತಾಳೆ. ನಿಯಮ ಎರಡೇ. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಮುಂದಿಟ್ಟ ಕಾಲಿನ ಮಂಡಿ ಮಡಚಬಾರದು. ತಪ್ಪಿದರೆ ತೀರ್ಪುಗಾರರು ಕೆಂಪು ಚೀಟಿ ಬರೀತಾರೆ, ಮೂರಾದರೆ ಹೊರಗೆ. ಕೇಳೋಕೆ ಸುಲಭ. ಮಾಡಿ ನೋಡು, ಸೊಂಟ ಮೂರು ದಿನ ನಿನ್ನ ಜೊತೆ ಮಾತಾಡಲ್ಲ.

ನಾನು ಸೊಂಟ ಆಡಿಸಿಕೊಂಡು ಹೋಗೋದು ನೋಡಿ ಬೀದಿ ಕೊನೆಯ ಸೈಕಲ್ ರಿಪೇರಿಯವನು ದಿನಾ ಪಂಪು ಒತ್ತೋದು ಮರೀತಾನೆ. ನೋಡಲಿ ಬಿಡು. ಅವನ ಅಮ್ಮನಿಗೆ ಚುಚ್ಚುಮದ್ದು ಹಾಕೋಳು ನಾನೇ, ಆವಾಗ ವಿಚಾರಿಸ್ಕೋತೀನಿ.

ಕೊನೇ ಕಿಲೋಮೀಟರಿನಲ್ಲಿ ಮಾತ್ರ ವೇಗ ಬಿದ್ದುಹೋಗುತ್ತೆ. ವಯಸ್ಸು ಅಂತ ಕಾಣುತ್ತೆ. ಹೋಗಲಿ, ನೀನು ಜೂನ್ 14ಕ್ಕೆ ಬರಬೇಕು. ಈಗಲೇ ಹೇಳಿದ್ದೀನಿ, ನೆವ ಹೇಳಬೇಡ.

ಅಕ್ಕ

*

ಮಾರ್ಚ್ 2

ಅಕ್ಕಾ,

ಇಷ್ಟು ನಡೆದ ಮೇಲೆ ಅಟ್ಟೆ ಸವೆದಿರುತ್ತೆ. ಬೂಟು ವಾಪಸ್ ಕಳಿಸು, ಹೊಸ ಅಟ್ಟೆ ಹಾಕಿ ಕೊಡ್ತೀನಿ. ಒರೆಸಬೇಡ, ತೊಳೀಬೇಡ, ಇದ್ದ ಹಾಗೇ ಕಳಿಸು.

ಜೂನ್ ತಿಂಗಳು ಶಾಲೆ ಶುರುವಾಗೋ ಸಮಯ. ಮಕ್ಕಳ ಬೂಟಿನ ಕೆಲಸ ರಾಶಿ ಬೀಳುತ್ತೆ. ಬರೋದು ಕಷ್ಟ.

ತಮ್ಮ

*

ಮಾರ್ಚ್ 15

ಅಕ್ಕಾ,

ಸುಳ್ಳಿ!

ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ ನಾನು ಅಟ್ಟೆ ನೋಡ್ತೀನಿ ಅನ್ನೋದು ನಿನಗೆ ಮರೆತುಹೋಯಿತಾ? ಎಡಗಾಲಿನ ಹಿಮ್ಮಡಿ ಚೆನ್ನಾಗಿ ಸವೆದಿದೆ, ಸರಿ. ಬಲಗಾಲಿನದು? ಹಿಮ್ಮಡಿ ಹೊಸದರ ಹಾಗಿದೆ, ತುದಿ ತಿಂದುಹೋಗಿದೆ. ಅಂದರೆ ಬಲ ಹಿಮ್ಮಡಿ ನೀನು ಊರ್ತಾನೇ ಇಲ್ಲ, ಮಂಡಿ ಮಡಚಿ ತುದಿಗಾಲಲ್ಲಿ ಹೋಗ್ತಿದ್ದೀಯ. ಯಾಕೆ ಅಂತ ಒಳಗೆ ಕೈ ಹಾಕಿ ನೋಡಿದೆ. ಹೆಬ್ಬೆರಳಿನ ಜಾಗದಲ್ಲಿ ರಕ್ತದ ಕಲೆ, ನಾಲ್ಕಾಣೆಯಷ್ಟು ಅಗಲ.

ಹೇಳಿ ಮಾಡಿಸಿದ ಹಾಗಿದೆಯಂತೆ! ಉಗುರು ಕಪ್ಪಾಗಿ ಬಿದ್ದಿರಬೇಕು, ಬಿತ್ತೋ ಇಲ್ಲವೋ ಹೇಳು. ಬೂಟು ಕಚ್ಚಿದರೆ ಕಚ್ಚಿತು ಅನ್ನೋಕೆ ಬಾಯಿ ಇರಲಿಲ್ಲವಾ? ಊರವರ ನೋವಿಗೆಲ್ಲ ಮದ್ದು ಕೊಡ್ತೀಯ, ನಿನ್ನ ಕಾಲನ್ನ ನೀನೇ ಕೊಲ್ತಿದ್ದೀಯ.

ತಪ್ಪು ನನ್ನದೇ. ಅಚ್ಚು ನಿನ್ನ ಇಪ್ಪತ್ತರ ಕಾಲಿನದು. ಮೂವತ್ತೈದು ವರ್ಷ ವಾರ್ಡಿನಲ್ಲಿ ನಿಂತ ಕಾಲು ಅಷ್ಟೇ ಇರುತ್ತಾ ಅಂತ ಯೋಚನೆ ಮಾಡಲಿಲ್ಲ ನೋಡು ನಾನು. ಕಾಲು ಹರಡಿಕೊಂಡಿದೆ, ನನ್ನ ಕಣ್ಣಿಗೆ ಮಾತ್ರ ನೀನಿನ್ನೂ ಅದೇ ಹುಡುಗಿ. ಎಂಥ ಕತ್ತೆ ಕೆಲಸ ಮಾಡಿದೆ!

ಈಗ ಹೀಗೆ ಮಾಡು. ಡ್ಯೂಟಿ ಮುಗಿದ ಮೇಲೆ, ಕಾಲು ಊದಿಕೊಂಡಿರುವಾಗ, ಹಾಳೆ ಮೇಲೆ ಎರಡೂ ಕಾಲು ಊರಿ ನಿಂತುಕೋ. ಬೇರೆ ಯಾರಾದರೂ ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೀಲಿ. ನೀನು ಬಗ್ಗಿ ಎಳೆದರೆ ಅಳತೆ ಕೆಡುತ್ತೆ. ತಕ್ಷಣ ಕಳಿಸು.

ತಮ್ಮ

*

ಮಾರ್ಚ್ 22

ತಮ್ಮಾ,

ಉಗುರು ಬಿತ್ತು. ಎರಡು. ನೀನು ಅಷ್ಟು ಪ್ರೀತಿಯಿಂದ ಕಳಿಸಿದ್ದೀಯ, ಕಚ್ಚುತ್ತೆ ಅಂತ ಹೇಗೆ ಬರೀಲಿ? ಹೊಸ ಬೂಟು ಕಚ್ಚೋದು ಸಹಜ, ಹೊಂದಿಕೊಳ್ಳುತ್ತೆ ಅಂದುಕೊಂಡೆ. ರಕ್ತ ಕಂಡಾಗ ಪಟ್ಟಿ ಕಟ್ಟಿಕೊಂಡು ನಡೆದೆ. ಬೇರೆ ರೋಗಿ ಹಾಗೆ ಮಾಡಿದ್ದರೆ ನಾನು ಅವರ ಜನ್ಮ ಜಾಲಾಡಿಬಿಡ್ತಿದ್ದೆ.

ಅಂದರೆ ಕೊನೇ ಕಿಲೋಮೀಟರಿನಲ್ಲಿ ಕೈಕೊಡ್ತಿದ್ದದ್ದು ವಯಸ್ಸಲ್ಲ, ಬೂಟು! ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಕುಣಿದೆ ಕಣೋ. ಮೈ ಸುಟ್ಟುಕೊಂಡೆ ಅಂದುಕೊಂಡು ನಿಮ್ಮ ಭಾವ ಒಲೆ ಆರಿಸೋಕೆ ಬಂದರು.

ಇದರ ಜೊತೆ ನನ್ನ ಕಾಲಿದೆ, ನೋಡು. ಫಿಸಿಯೋ ಹುಡುಗಿ ಬರೆದಿದ್ದು. ಜ್ವರದ ಚಾರ್ಟಿನ ಹಿಂಬದಿ, ಬೇರೆ ಹಾಳೆ ಸಿಗಲಿಲ್ಲ. ಎಷ್ಟು ಅಗಲ ಅಂತ ನೋಡಿ ನನಗೇ ನಾಚಿಕೆಯಾಯಿತು.

ಇನ್ನೊಂದು ಮಾತು. ಶಾಲೆ ಬೂಟು, ಕೆಲಸದ ರಾಶಿ, ಇವೆಲ್ಲ ನನಗೆ ಹೇಳಬೇಡ. ಅಂಗಡಿ ನೋಡಿಕೊಳ್ಳೋಕೆ ನಿನ್ನ ಹೆಂಡತಿ ಇದ್ದಾಳೆ. ನಿನಗಿಂತ ಚೆನ್ನಾಗೇ ನೋಡಿಕೊಳ್ತಾಳೆ. ನಿಜ ಏನು ಅಂತ ನನಗೆ ಗೊತ್ತು. ಐವತ್ತೇಳರ ಹೆಂಗಸು ಚಡ್ಡಿ ಹಾಕಿಕೊಂಡು ನಾಲ್ಕು ಜನರ ಮುಂದೆ ಸೊಂಟ ತಿರುಗಿಸಿಕೊಂಡು ನಡೆದರೆ ತಮ್ಮನಿಗೆ ತಲೆ ತಗ್ಗಿಸೋ ಹಾಗಾಗುತ್ತೆ. ಅಷ್ಟೇ ತಾನೇ? ಅದನ್ನ ಬಾಯಿ ಬಿಟ್ಟು ಹೇಳು. ನನಗೆ ನೋವಾಗುತ್ತೆ, ಆಗಲಿ. ಉಗುರು ಬಿದ್ದದ್ದಕ್ಕಿಂತ ಹೆಚ್ಚೇನಲ್ಲ.

ಅಕ್ಕ

*

ಏಪ್ರಿಲ್ 19

ಅಕ್ಕಾ,

ಇಷ್ಟು ದಿನ ಉತ್ತರ ಬರೀಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದುಹಾಕಿದೆ. ಹೊಸ ಅಚ್ಚು ಕೆತ್ತಿದ್ದೀನಿ, ಹೊಸ ಬೂಟು ಹೊಲಿದಿದ್ದೀನಿ, ಇದರ ಜೊತೆಗಿದೆ. ಬೆರಳಿನ ಹತ್ತಿರ ಜಾಗ ಬಿಟ್ಟಿದ್ದೀನಿ. ಈ ಸಲ ಕಚ್ಚಿದರೆ ಅದೇ ದಿನ ತಿಳಿಸಬೇಕು, ಆಣೆ.

ನಾಚಿಕೆ ಅಂದೆಯಲ್ಲ, ಅದು ಓದಿ ಎದೆಗೆ ಒದ್ದ ಹಾಗಾಯಿತು. ನಿನ್ನ ಬಗ್ಗೆ ನನಗೆ ನಾಚಿಕೆಯಾ? ನಾಚಿಕೆ ಇರೋದು ನನ್ನ ಬಾಯಿ ಬಗ್ಗೆ.

ಆವತ್ತು ಆ ಕೊನೇ ತಿರುವಿನಲ್ಲಿ ಬೇಲಿ ಹಿಡಿದುಕೊಂಡು ನಿಂತಿದ್ದವನು ನಾನು. ಹದಿನೈದು ವರ್ಷ. ನಿಯಮ ಗೊತ್ತಿತ್ತು, ಆದರೂ ನೀನು ಮೊದಲು ಬರ್ತಿರೋದು ಕಂಡು ತಡೆಯೋಕೆ ಆಗಲಿಲ್ಲ. "ಓಡು ಅಕ್ಕಾ, ಓಡು" ಅಂತ ಗಂಟಲು ಹರಿಯೋ ಹಾಗೆ ಕಿರುಚಿದೆ. ನೀನು ಓಡಿದೆ. ಬಾವುಟ ಎದ್ದಿತು. "ನಿನ್ನ ಬಾಯಿಂದ ಅವಳ ಬಹುಮಾನ ಹೋಯಿತು" ಅಂತ ಅಮ್ಮ ಎಷ್ಟು ವರ್ಷ ಅಂದಳು! ತಪ್ಪೇನೂ ಅನ್ನಲಿಲ್ಲ ಅವಳು. ಆಮೇಲೆ ನಾನು ಯಾವ ಮೈದಾನಕ್ಕೂ ಕಾಲಿಡಲಿಲ್ಲ. ನನ್ನ ಮಗಳು ಶಾಲೆಯಲ್ಲಿ ಓಡಿದಾಗಲೂ ಗೇಟಿನ ಆಚೆ ನಿಂತಿದ್ದೆ.

ಮತ್ತೆ ನನ್ನ ಬಾಯಿ ಏನು ಮಾಡಿಬಿಡುತ್ತೋ ಅಂತ ಭಯ. ಅದಕ್ಕೇ ಬರಲ್ಲ. ಬೇರೆ ಕಾರಣ ಇಲ್ಲ.

ತಮ್ಮ

*

ಏಪ್ರಿಲ್ 28

ತಮ್ಮಾ,

ನಿನ್ನ ಕಾಗದ ಓದಿ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಈಗ ನಾನು ಹೇಳೋದನ್ನ ಎರಡು ಸಲ ಓದು.

ನೀನು ಕೂಗಿದ್ದು ನನಗೆ ಕೇಳಿಸಿತ್ತು. ಕೇಳಿಸದೇ ಇರೋಕೆ ಅದೇನು ಸಣ್ಣ ಗಂಟಲಾ? ಆದರೆ ನೀನು ಕೂಗೋ ಹೊತ್ತಿಗೆ ನಾನು ಓಡೋಕೆ ಶುರು ಮಾಡಿ ಆಗಿತ್ತು ಕಣೋ. ತಿರುವಿಗೆ ಬರೋ ಮೊದಲೇ. ಹಿಂದಿನಿಂದ ಒಬ್ಬಳ ಹೆಜ್ಜೆ ಸದ್ದು ಕೇಳಿಸಿತು, ಗೆರೆ ಕಂಡಿತು, ಆಸೆ ಹೆಚ್ಚಾಯಿತು, ಎರಡೂ ಕಾಲು ನೆಲ ಬಿಟ್ಟವು. ಬಾವುಟದವಳು ನನ್ನನ್ನ ನೋಡಿದ್ದು ನನಗೂ ಕಂಡಿತು. ಅದಾದ ಮೇಲೆ ನಿನ್ನ ದನಿ ಬಂದಿದ್ದು.

ಅಮ್ಮ ನಿನ್ನನ್ನ ಬೈದಾಗ ನಾನು ಬಾಯಿ ಬಿಡಲಿಲ್ಲ. ಅಕ್ಕ ಮೋಸ ಮಾಡಿದಳು ಅನ್ನೋದಕ್ಕಿಂತ ತಮ್ಮ ಕೂಗಿ ಕೆಡಿಸಿದ ಅನ್ನೋದು ನನಗೆ ಅನುಕೂಲವಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ, ನಾಳೆ ನಾಳೆ ಅಂತ ಮೂವತ್ತೆಂಟು ವರ್ಷ ಹೋಯಿತು. ನೀನು ಮರೆತಿರ್ತೀಯ ಅಂದುಕೊಂಡಿದ್ದೆ. ಆ ಹಲಗೆಯ 'ಅನರ್ಹ' ನನ್ನನ್ನ ಇಷ್ಟು ವರ್ಷ ಕೊರೀತಿದ್ದದ್ದು ಸೋತಿದ್ದಕ್ಕಲ್ಲ. ನಿನ್ನ ಮೇಲೆ ಹಾಕಿದ್ದಕ್ಕೆ.

ತಪ್ಪಾಯಿತು ಕಣೋ ತಮ್ಮಾ. ಅಕ್ಕ ಅಂತ ಮರ್ಯಾದೆ ಇಟ್ಟುಕೊಂಡು ಕ್ಷಮಿಸಬೇಡ. ಬೈದು ಕ್ಷಮಿಸು.

ಬಾ. ಎಷ್ಟು ಬೇಕಾದರೂ ಕೂಗು.

ಅಕ್ಕ

*

ಜೂನ್ 8

ತಮ್ಮಾ,

ನಲವತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ನಿನ್ನ ಹೆಂಡತಿ ಎತ್ತಿ "ಅವರು ಕೆಲಸದಲ್ಲಿದ್ದಾರೆ ಅತ್ತಿಗೆ" ಅಂತಾಳೆ. ಕೋಪ ನ್ಯಾಯವೇ. ನಾನು ಒತ್ತಾಯ ಮಾಡಲ್ಲ.

ಬೂಟು ಕಚ್ಚಲ್ಲ. ಕಾಲಲ್ಲಿದೆ ಅಂತಾನೇ ಗೊತ್ತಾಗಲ್ಲ. ಸುಳ್ಳಲ್ಲ, ಆಣೆ. ನಿನ್ನೆ ಮೂವತ್ತನಾಲ್ಕೂವರೆ ನಿಮಿಷ! ಹತ್ತನೇ ಹಾಸಿಗೆಗೆ ಈಗ ಬಂದಿರೋ ಅಜ್ಜ ನನ್ನ ಸಮಯ ದಿನಾ ತನ್ನ ಜ್ವರದ ಚಾರ್ಟಿನ ಕೆಳಗೆ ಬರೆಸ್ತಾನೆ. ಅವನ ಜ್ವರ ಇಳಿದ ಹಾಗೆ ನನ್ನದೂ ಇಳೀತಿದೆ ಅಂತ ಎಲ್ಲರಿಗೂ ತೋರಿಸ್ತಾನೆ.

ಆರು ದಿನ ಉಳಿದಿದೆ. ರಾತ್ರಿ ಎದ್ದೆದ್ದು ಬೂಟಿನ ದಾರ ಬಿಚ್ಚಿ ಕಟ್ತೀನಿ. ಹತ್ತೊಂಬತ್ತರಲ್ಲೂ ಹೀಗೇ ಮಾಡ್ತಿದ್ದೆ.

ಅಕ್ಕ

*

ಜೂನ್ 14, ಬಸ್ ನಿಲ್ದಾಣದಿಂದ

ಅಕ್ಕಾ,

ಇದನ್ನ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಹಾಳೆ ಮಂಡಿ ಮೇಲಿದೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿ ಓದಿಕೋ.

ನಾನು ಬಂದಿದ್ದೆ.

ಕೋಪ ಮಾಡಿಕೊಂಡಿದ್ದು ನಿಜ. ಹದಿನೈದು ದಿನ ಕೋಪ ಮಾಡಿಕೊಂಡೆ. ಸುತ್ತಿಗೆ ಏಟು ಎರಡು ಸಲ ಬೆರಳ ಮೇಲೆ ಬಿತ್ತು. ಅಮ್ಮ ಹೋಗೋವರೆಗೂ ನನ್ನ ಬಾಯಿಯನ್ನೇ ಅಂದಳಲ್ಲ, ಅವಳಿಗಾದರೂ ಗೊತ್ತಾಗಬೇಕಿತ್ತು ಅಂತ ಅನ್ನಿಸಿತು. ಆಮೇಲೆ ನಿನ್ನ ಹಳೇ ಅಚ್ಚು ಪಕ್ಕ ಹೊಸ ಅಚ್ಚು ಇಟ್ಟು ನೋಡ್ತಾ ಕೂತೆ. ಹಳೇದರ ಕಾಲಿನ ಹುಡುಗಿ ಮಾಡಿದ ತಪ್ಪಿಗೆ ಈ ಅಗಲ ಕಾಲಿನವಳನ್ನ ಬೈಯೋಕೆ ಬಾಯಿ ಬರಲಿಲ್ಲ. ಬೈದು ಕ್ಷಮಿಸು ಅಂದಿದ್ದೆಯಲ್ಲ. ತಗೋ: ಹೇಡಿ, ಸುಳ್ಳಿ, ಮೊಂಡಿ. ಮುಗೀತು.

ಬೇಲಿ ಪಕ್ಕ ಕೊನೇ ತಿರುವಿನಲ್ಲಿ ನಿಂತಿದ್ದೆ. ಒಟ್ಟು ಹನ್ನೆರಡೂವರೆ ಸುತ್ತು ಅಂತ ಪಕ್ಕದವನು ಹೇಳಿದ. ನೀನು ಬಂದೆ ನೋಡು, ತಲೆ ನೆಟ್ಟಗೆ, ಕೈ ಬೀಸಿಕೊಂಡು, ಥೇಟ್ ವಾರ್ಡಿಗೆ ಹೊರಟ ಹಾಗೆ! ನನಗೆ ನಿನ್ನ ಮುಖ ನೋಡೋಕೆ ಆಗಲಿಲ್ಲ, ಬೂಟನ್ನೇ ನೋಡಿದೆ. ಹಿಮ್ಮಡಿ, ತುದಿ, ಹಿಮ್ಮಡಿ, ತುದಿ. ಮಂಡಿ ಕಂಬದ ಹಾಗೆ ನೆಟ್ಟಗಿತ್ತು. ಐದನೇ ಸುತ್ತಿನಲ್ಲಿ ಹಲಗೆ ಮೇಲೆ ನಿನ್ನ ನಂಬರಿನ ಮುಂದೆ ಒಂದು ಕೆಂಪು ಚುಕ್ಕೆ ಬಿತ್ತು, ಒಂದು ಚೀಟಿಗೆ ಒಂದು ಚುಕ್ಕೆಯಂತೆ. ಒಂಬತ್ತನೇ ಸುತ್ತಿನಲ್ಲಿ ಇನ್ನೊಂದು. ನನ್ನ ಜೀವ ಬಾಯಿಗೆ ಬಂತು. ಬಾಯಿಗೆ ಬಂದಿದ್ದು ಹೊರಗೆ ಬರಬಾರದು ಅಂತ ಹೆಗಲ ಮೇಲಿದ್ದ ಟವೆಲನ್ನ ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಪಕ್ಕದವನು "ಹಲ್ಲು ನೋವಾ?" ಅಂತ ಕೇಳಿದ.

ಕೊನೇ ಸುತ್ತಿನಲ್ಲಿ ಆ ಎತ್ತರದ ಹೆಂಗಸು ನಿನ್ನನ್ನ ದಾಟಿದಳಲ್ಲ, ಆಗ ಇಡೀ ಬೇಲಿ ಕೂಗ್ತಿತ್ತು. ನಾನು ಕಚ್ಚಿದ ಕಚ್ಚಿಗೆ ಟವೆಲ್ ತೂತಾಗಿದೆ. ನೀನು ಗೆರೆ ದಾಟಿದೆ. ಹಲಗೆ ನೋಡಿದೆ. ಮೂರನೇ ಚುಕ್ಕೆ ಬೀಳಲಿಲ್ಲ. ಐದು ನಿಮಿಷ ಕಾದೆ. ಆಗಲೂ ಬೀಳಲಿಲ್ಲ!

ನೀನು ಹುಡುಕಿಕೊಂಡು ಬಂದರೆ ಎಲ್ಲರ ಮುಂದೆ ಅತ್ತುಬಿಡ್ತೀನಿ ಅಂತ ಕಾಲಿಗೆ ಬುದ್ಧಿ ಹೇಳಿದೆ. ನನಗೆ ಓಡೋಕೆ ಯಾವ ನಿಯಮವೂ ಅಡ್ಡ ಇಲ್ಲವಲ್ಲ. ಬಸ್ ಬಂತು.

ತಮ್ಮ

*

ಜೂನ್ 19

ಏ ಪೆದ್ದಾ,

ನನ್ನ ತಮ್ಮನನ್ನ ನಾನು ಗುರುತು ಹಿಡಿಯಲ್ಲವಾ? ಗೆರೆ ದಾಟಿದ ತಕ್ಷಣ ಆ ತಿರುವಿಗೆ ಬಂದೆ. ನಡ್ಕೊಂಡೇ ಬಂದೆ, ಅಭ್ಯಾಸಬಲ. ಅಷ್ಟರಲ್ಲಿ ನೀನು ಮಾಯ. ನಿಮ್ಮ ಭಾವ ಗೋಡೆ ಗಡಿಯಾರ ಹಿಡಿದುಕೊಂಡೇ ಗೇಟಿನವರೆಗೂ ಹುಡುಕಿದರು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ಎತ್ತರದವಳು ನನ್ನನ್ನ ದಾಟೋವರೆಗೂ ನಾನು ಮೂರನೆಯವಳಾಗಿದ್ದೆ. ಪದಕ ಬೇಡ ಅಂತ ಬರೆದಿದ್ದೆನಲ್ಲ, ಅದು ಹಸಿ ಸುಳ್ಳು. ಪದಕ ಕಣ್ಣೆದುರು ಹೋಗೋದು ಕಂಡಾಗ ಮೈಯೆಲ್ಲ ಉರೀತು. ಅದೇ ಆಸೆ, ಅದೇ ತಿರುವು. ನಾಲ್ಕು ಹೆಜ್ಜೆ ಓಡಿದರೆ ಸಾಕು ಅಂತ ಕಾಲು ಹೇಳ್ತಿತ್ತು. ಬಲಗಾಲು ಇನ್ನೇನು ನೆಲ ಬಿಡಬೇಕು, ಆಗ ನೀನು ಕಣ್ಣಿಗೆ ಬಿದ್ದೆ. ಊರೆಲ್ಲ ಕೂಗ್ತಿದೆ, ನೀನೊಬ್ಬ ಬಾಯಿ ತುಂಬ ಟವೆಲ್ ತುರುಕಿಕೊಂಡು, ಕಣ್ಣು ಹೊರಗೆ ಬಂದು, ಎರಡೂ ಮುಷ್ಟಿ ಬಿಗಿ ಹಿಡಿದು ನಿಂತಿದ್ದೀಯ. ಅಯ್ಯೋ, ಇವನು ನನಗೋಸ್ಕರ ಬಾಯಿ ಹಿಡಿದುಕೊಂಡಿದ್ದಾನೆ, ನಾನು ನನ್ನ ಕಾಲು ಹಿಡಿದುಕೊಳ್ಳೋಕೆ ಆಗಲ್ಲವಾ ಅನ್ನಿಸಿತು. ಊರಿದೆ ನೋಡು ಹಿಮ್ಮಡಿ! ನಗು, ಅಳು ಎರಡೂ ಒಟ್ಟಿಗೆ ಬಂತು. ಹಾಗೇ ನಡೆದು ಗೆರೆ ದಾಟಿದೆ.

ನಾಲ್ಕನೆಯವಳು ನಾನು. ಹಲಗೆಯಲ್ಲಿ ನನ್ನ ಹೆಸರಿನ ಮುಂದೆ ಮೂವತ್ತನಾಲ್ಕು ನಿಮಿಷ ಹನ್ನೆರಡು ಸೆಕೆಂಡ್ ಅಂತ ಬರೆದರು. ಬರೆದವನ ಪಕ್ಕದಲ್ಲೇ ನಿಂತು ಬರೆಯೋದನ್ನ ನೋಡಿದೆ. "ಅಮ್ಮಾ, ಏನಾದರೂ ತಪ್ಪಾಗಿದೆಯಾ?" ಅಂತ ಕೇಳಿದ. ಇಲ್ಲಪ್ಪ, ಸರಿಯಾಗಿದೆ, ಈಗ ಸರಿಯಾಗಿದೆ ಅಂದೆ. ಹತ್ತನೇ ಹಾಸಿಗೆ ಅಜ್ಜ ಮಾತ್ರ ಪದಕ ಎಲ್ಲಿ ಅಂತ ಇನ್ನೂ ಜಗಳ ಆಡ್ತಿದ್ದಾನೆ.

ಬೂಟು ಪಾರ್ಸೆಲ್ ಮಾಡಿದ್ದೀನಿ. ಒರೆಸಿಲ್ಲ, ತೊಳೆದಿಲ್ಲ. ಎರಡೂ ಹಿಮ್ಮಡಿ ಒಂದೇ ಸಮ ಸವೆದಿವೆ, ನೀನೇ ಓದಿಕೋ. ಒಳಗೆ ಕೈ ಹಾಕಿಯೂ ನೋಡು.

ಅಕ್ಟೋಬರಿನಲ್ಲಿ ಇನ್ನೊಂದು ಕೂಟ ಇದೆ, ಹೆಸರು ಕೊಟ್ಟಾಯಿತು. ಅದೇ ತಿರುವಿನಲ್ಲಿ ನಿಂತುಕೋ. ಟವೆಲ್ ತರಬೇಡ. ಓಡು ಅಂತ ಬೇಕಾದರೂ ಕೂಗು, ನಿನ್ನ ಇಷ್ಟ. ನನ್ನ ಕಾಲನ್ನ ನಾನು ನೋಡಿಕೊಳ್ತೀನಿ.

ನಿನ್ನ ಅಕ್ಕ